ಗ್ಯಾಂಬಿಯಾ ನದಿಯೋ, ದೇಶವೋ? ಒಂದು ಸಣ್ಣ ನಾಡಿನ ಭೂಗೋಳ, ಮಳೆ ಮತ್ತು ಜನ

ಪ್ರಶ್ನೆ: ಗದಗದ ಒಬ್ಬ ಶಿಕ್ಷಕಿ

ನಾನು ಗದಗ-ಬೆಟಗೇರಿಯ ಒಂದು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಕಳೆದ ವಾರ ಆಫ್ರಿಕಾದ ನಕಾಶೆಯನ್ನು ಗೋಡೆಗೆ ತೂಗುಹಾಕಿದಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ಬಂದು, ಖಂಡದ ಪಶ್ಚಿಮ ತುದಿಯಲ್ಲಿ, ಸೆನೆಗಲ್ ದೇಶದ ಹೊಟ್ಟೆಯೊಳಗೆ ಎರೆಹುಳುವಿನಂತೆ ಅಡ್ಡಲಾಗಿ ಮಲಗಿರುವ ಪಟ್ಟಿಯೊಂದರ ಮೇಲೆ ಬೆರಳಿಟ್ಟು, "ಟೀಚರ್, ಇದು ನದಿಯೋ ದೇಶವೋ?" ಎಂದು ಕೇಳಿದಳು. ಅದು ಗ್ಯಾಂಬಿಯಾ ಎಂದು ಹೆಸರು ಹೇಳಿದೆನೇ ಹೊರತು ಅದಕ್ಕಿಂತ ಹೆಚ್ಚು ಹೇಳಲು ನನ್ನ ಬಳಿ ಏನೂ ಇರಲಿಲ್ಲ.

ಆ ದಿನದಿಂದ ಸಿಕ್ಕಷ್ಟು ಓದಿದ್ದೇನೆ. ಬ್ರಿಟಿಷರು ನದಿಯಲ್ಲಿ ಹಡಗು ನಿಲ್ಲಿಸಿ ಎರಡೂ ದಡಗಳತ್ತ ಫಿರಂಗಿ ಹಾರಿಸಿದರು, ಗುಂಡು ಬಿದ್ದಲ್ಲಿಗೆ ಗಡಿ ಹಾಕಿದರು ಎಂಬ ಕಥೆ ಹಲವು ಕಡೆ ಸಿಗುತ್ತದೆ. ಅದು ನಿಜವೇ? ಎರಡನೆಯದಾಗಿ, ರಾಜಧಾನಿ ಬಾಂಜುಲ್ ಇರುವ ಅಕ್ಷಾಂಶ ಹೆಚ್ಚುಕಡಿಮೆ ನಮ್ಮ ಉಡುಪಿ, ತುಮಕೂರುಗಳದ್ದೇ ಆಗಿರುವಾಗ ಅಲ್ಲಿನ ಮಳೆ ಮತ್ತು ಬಿಸಿಲು ನಮ್ಮಂತೆಯೇ ಇರುತ್ತವೆಯೇ? ಮೂರನೆಯದು ನನಗೆ ಹೆಚ್ಚು ಮುಖ್ಯವಾದದ್ದು. ಅಲ್ಲಿನ ರೈತರ ಪ್ರಧಾನ ಬೆಳೆ ಶೇಂಗಾ ಎಂದು ಓದಿದೆ. ನನ್ನ ವಿದ್ಯಾರ್ಥಿಗಳಲ್ಲಿ ಅರ್ಧದಷ್ಟು ಮಕ್ಕಳು ಶೇಂಗಾ ಹರಿಯುವ ದಿನಗಳಲ್ಲಿ ಶಾಲೆ ತಪ್ಪಿಸಿ ಹೊಲಕ್ಕೆ ಹೋಗುವವರು. "ಅದೂ ನಮ್ಮಂಥದೇ ಶೇಂಗಾ ನಾಡು" ಎಂದು ಪಾಠ ಆರಂಭಿಸಿದರೆ ತಪ್ಪಾಗುತ್ತದೆಯೇ? ಚಿಕ್ಕ ದೇಶ, ಬಡ ದೇಶ ಎಂಬ ಎರಡು ಮಾತಿನಲ್ಲಿ ಅದನ್ನು ಮುಗಿಸಿಬಿಡಲು ನನ್ನ ಮನಸ್ಸು ಒಪ್ಪುತ್ತಿಲ್ಲ. ತಿಳಿದವರು ದಯವಿಟ್ಟು ವಿವರವಾಗಿ ಬರೆಯಬೇಕು.

ಉತ್ತರ: ಧಾರವಾಡದ ನಿವೃತ್ತ ಭೂಗೋಳ ಉಪನ್ಯಾಸಕ

ಆ ಹುಡುಗಿಗೆ "ಎರಡೂ" ಎಂದು ಹೇಳಿ. ಅದೇ ಸರಿಯಾದ ಉತ್ತರ, ಮತ್ತು ಆಕೆ ಕೇಳಿದ್ದು ಬಹಳ ಒಳ್ಳೆಯ ಪ್ರಶ್ನೆ.

ಮೊದಲು ಅಳತೆ. ಗ್ಯಾಂಬಿಯಾದ ಒಟ್ಟು ವಿಸ್ತೀರ್ಣ ಸುಮಾರು 11,300 ಚದರ ಕಿ.ಮೀ., ಅಂದರೆ 1997ರಲ್ಲಿ ಧಾರವಾಡ, ಗದಗ, ಹಾವೇರಿ ಎಂದು ಮೂರಾಗುವ ಮೊದಲಿನ ನಮ್ಮ ಹಳೆಯ ಧಾರವಾಡ ಜಿಲ್ಲೆಗಿಂತಲೂ ಚಿಕ್ಕದು. ಅದರಲ್ಲೂ ಹತ್ತರಲ್ಲಿ ಒಂದು ಪಾಲು ನೀರು. ಆಫ್ರಿಕಾದ ಮುಖ್ಯ ಭೂಭಾಗದಲ್ಲಿ ಇದಕ್ಕಿಂತ ಚಿಕ್ಕ ದೇಶ ಇನ್ನೊಂದಿಲ್ಲ. ಪೂರ್ವ ಪಶ್ಚಿಮವಾಗಿ ಅಳೆದರೆ ಉದ್ದ ಸುಮಾರು 330 ಕಿ.ಮೀ.; ನಮ್ಮ ರಸ್ತೆಯ ಲೆಕ್ಕದಲ್ಲಿ ಹುಬ್ಬಳ್ಳಿಯಿಂದ ಹೊರಟು ತುಮಕೂರಿನ ಹತ್ತಿರ ಮುಟ್ಟುವಷ್ಟು ದೂರ. ಅಗಲವೋ, ಅತಿ ಹೆಚ್ಚು ಇರುವ ಕಡೆಯೂ 50 ಕಿ.ಮೀ. ದಾಟುವುದಿಲ್ಲ. ಹುಬ್ಬಳ್ಳಿಯಿಂದ ಗದಗಕ್ಕೆ ಬರುವಷ್ಟರಲ್ಲಿ ಆ ದೇಶದ ಒಂದು ಗಡಿಯಿಂದ ಹೊಕ್ಕು ಇನ್ನೊಂದು ಗಡಿಯಿಂದ ಹೊರಬಿದ್ದಿರುತ್ತೀರಿ. ಪಶ್ಚಿಮದಲ್ಲಿ ಅಟ್ಲಾಂಟಿಕ್ ಸಾಗರದ ಚಿಕ್ಕ ಕರಾವಳಿಯೊಂದನ್ನು ಬಿಟ್ಟರೆ ಉಳಿದ ಮೂರೂ ದಿಕ್ಕುಗಳಲ್ಲಿ ಸೆನೆಗಲ್ ದೇಶವೇ ಇದೆ.

ಫಿರಂಗಿಯ ಕಥೆಯನ್ನು ಮಕ್ಕಳಿಗೆ ಕಥೆಯೆಂದೇ ಹೇಳಬೇಕು. ಗಡಿ ನಿಜವಾಗಿ ತೀರ್ಮಾನವಾದದ್ದು 1889ರ ಆಗಸ್ಟ್ ತಿಂಗಳಲ್ಲಿ ಬ್ರಿಟನ್ ಮತ್ತು ಫ್ರಾನ್ಸ್ ಪ್ಯಾರಿಸ್‌ನಲ್ಲಿ ಮಾಡಿಕೊಂಡ ಒಪ್ಪಂದದಿಂದ. ನದಿಯ ಎರಡೂ ಬದಿಗೆ ಸುಮಾರು 10 ಕಿ.ಮೀ. ದೂರದಲ್ಲಿ ಗೆರೆ ಎಳೆಯಬೇಕೆಂಬುದು ಅದರ ಸಾರ. ಅದಕ್ಕಾಗಿಯೇ ನದಿ ಬಾಗಿದಲ್ಲಿ ಗಡಿಯೂ ಬಾಗುತ್ತದೆ. ನಕಾಶೆಯನ್ನು ಹತ್ತಿರದಿಂದ ನೋಡಿದರೆ ಪೂರ್ವ ಭಾಗದ ಗಡಿಯಲ್ಲಿ ಕಂಪಾಸಿನಿಂದ ಎಳೆದ ಕಮಾನುಗಳು ಕಾಣುತ್ತವೆ. ಅದಕ್ಕೂ ಮೊದಲು, 1860 ಮತ್ತು 1870ರ ದಶಕಗಳಲ್ಲಿ, ಈ ನದಿಯನ್ನು ಫ್ರಾನ್ಸಿಗೆ ಬಿಟ್ಟುಕೊಟ್ಟು ಬದಲಿಗೆ ಪಶ್ಚಿಮ ಆಫ್ರಿಕಾದಲ್ಲಿ ಬೇರೆ ನೆಲೆಗಳನ್ನು ಪಡೆಯುವ ಮಾತುಕತೆಯನ್ನು ಬ್ರಿಟನ್ ನಡೆಸಿತ್ತು. ವ್ಯಾಪಾರಿಗಳ ಮತ್ತು ಸಂಸತ್ತಿನ ವಿರೋಧದಿಂದ ಅದು ಮುರಿದುಬಿತ್ತು. ಹೀಗಾಗಿ ಆ ದೇಶದ ಆಕಾರ ಗುಂಡಿನ ಹಾರಾಟದಿಂದ ಬಂದದ್ದಲ್ಲ. ಸುತ್ತಲಿನ ನೆಲ ಫ್ರಾನ್ಸಿನದಾಗಿ, ಹಡಗು ಹೋಗುವ ನೀರನ್ನು ಮಾತ್ರ ಬ್ರಿಟನ್ ಬಿಡದೆ ಹಿಡಿದುಕೊಂಡದ್ದರಿಂದ ಬಂದದ್ದು. ಆ ದಿನಗಳಲ್ಲಿ ಅಲ್ಲಿ ವಾಸವಿದ್ದವರನ್ನು ಯಾರೂ ಕೇಳಲಿಲ್ಲ.

ಈಗ ನದಿಗೆ ಬರೋಣ, ಏಕೆಂದರೆ ಉಳಿದೆಲ್ಲವೂ ಅಲ್ಲಿಂದಲೇ ಹೊರಡುತ್ತದೆ. ಗ್ಯಾಂಬಿಯಾ ನದಿ ಗಿನಿ ದೇಶದ ಫೂಟಾ ಜಲ್ಲೋನ್ ಬೆಟ್ಟಸಾಲಿನಲ್ಲಿ ಹುಟ್ಟಿ, ಸೆನೆಗಲ್‌ನ ಒಂದು ಮೂಲೆಯನ್ನು ಹಾದು, ಒಟ್ಟು 1,100 ಕಿ.ಮೀ.ಗೂ ಹೆಚ್ಚು ಹರಿದು ಸಮುದ್ರ ಸೇರುತ್ತದೆ. ಗ್ಯಾಂಬಿಯಾದ ಒಳಗೆ ಅದಕ್ಕೆ ಇಳಿಜಾರೇ ಇಲ್ಲವೆನ್ನಬೇಕು. ಧಾರವಾಡ ಸಮುದ್ರಮಟ್ಟದಿಂದ 700 ಮೀಟರಿಗೂ ಮೇಲಿದೆ, ಆ ಇಡೀ ದೇಶದ ಅತಿ ಎತ್ತರದ ಜಾಗವೇ 50 ಮೀಟರಿನ ಆಸುಪಾಸಿನದು. ಇದರ ಪರಿಣಾಮವಾಗಿ ಸಮುದ್ರದ ಉಬ್ಬರವಿಳಿತ ನದಿಯೊಳಗೆ ದೇಶದ ಪೂರ್ವ ಗಡಿಯವರೆಗೂ ತಿಳಿಯುತ್ತದೆ.

ನೀವು ತರಗತಿಯಲ್ಲಿ ಒಂದೇ ಒಂದು ಸಂಗತಿ ಹೇಳಲು ಸಮಯವಿದ್ದರೆ ಉಪ್ಪಿನ ಗೆರೆಯನ್ನು ಹೇಳಿ. ಬೇಸಿಗೆಯಲ್ಲಿ ಮೇಲಿನಿಂದ ಬರುವ ಹರಿವು ಕ್ಷೀಣಿಸಿದಾಗ ಸಮುದ್ರದ ಉಪ್ಪುನೀರು ನದಿಯೊಳಗೆ 200 ಕಿ.ಮೀ.ಗೂ ಹೆಚ್ಚು ದೂರ, ಕುಂಟೌರ್ ಎಂಬ ಊರಿನ ಸಮೀಪದವರೆಗೆ ಏರುತ್ತದೆ. ಫೂಟಾ ಜಲ್ಲೋನ್‌ನಲ್ಲಿ ಮಳೆ ಸುರಿದು ಆಗಸ್ಟ್, ಸೆಪ್ಟೆಂಬರ್ ತಿಂಗಳ ಪ್ರವಾಹ ಬಂದಾಗ ಸಿಹಿನೀರು ಆ ಉಪ್ಪನ್ನು ಮತ್ತೆ ಸಮುದ್ರದತ್ತ ತಳ್ಳಿಕೊಂಡು ಹೋಗುತ್ತದೆ. ಪ್ರತಿ ವರ್ಷವೂ ಈ ಗೆರೆ ಏರುತ್ತದೆ, ಇಳಿಯುತ್ತದೆ. ಅದರ ಕೆಳಗಿನ ದಡಗಳಲ್ಲಿ ಮ್ಯಾಂಗ್ರೋವ್ ಕಾಂಡ್ಲಾ ಕಾಡು ಬೆಳೆದಿದೆ. ಬಾಂಜುಲ್ ಪಕ್ಕದ ತನ್ಬಿ ಜೌಗಿನಲ್ಲಿ ಹೆಂಗಸರು ದೋಣಿಯಲ್ಲಿ ಹೋಗಿ ಆ ಗಿಡಗಳ ಬೇರಿಗೆ ಅಂಟಿದ ಸಿಂಪಿಗಳನ್ನು ಬಿಡಿಸಿ ತಂದು ಮಾರುತ್ತಾರೆ. ಗೆರೆಯ ಮೇಲಿನ ಸಿಹಿನೀರಿನ ಭಾಗದಲ್ಲಿ ನೀರಾನೆಗಳಿವೆ, ನದಿಯ ದಡದಲ್ಲೇ ಭತ್ತದ ಗದ್ದೆಗಳಿವೆ. ಊರು ಯಾವುದೇ ಇರಲಿ, ಅದು ಗೆರೆಯ ಯಾವ ಕಡೆಗಿದೆ ಎಂದು ತಿಳಿದರೆ ಅಲ್ಲಿಯ ಜನ ಏನು ಬೆಳೆಯುತ್ತಾರೆ ಎಂಬುದನ್ನು ಬಹುಮಟ್ಟಿಗೆ ಊಹಿಸಬಹುದು.

ಉತ್ತರ: ಹುಬ್ಬಳ್ಳಿಯವರು, ಆರು ವರ್ಷ ಗ್ಯಾಂಬಿಯಾದಲ್ಲಿ ಇದ್ದವರು

ನಾನು ಸೆರೆಕುಂಡಾದ ಒಂದು ಸಗಟು ಅಂಗಡಿಯಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದೆ. ಸೆರೆಕುಂಡಾ ರಾಜಧಾನಿಯಲ್ಲ, ಆದರೆ ದೇಶದ ಅತಿ ದೊಡ್ಡ ಜನವಸತಿ ಅದೇ. ಬಾಂಜುಲ್ ಒಂದು ದ್ವೀಪದ ಮೇಲಿದ್ದು ಬೆಳೆಯಲು ಜಾಗವಿಲ್ಲ. 1816ರಲ್ಲಿ ಬ್ರಿಟಿಷರು ಗುಲಾಮರ ಸಾಗಣೆಯನ್ನು ತಡೆಯಲೆಂದು ನದಿಯ ಬಾಯಲ್ಲಿ ಕಾವಲು ಊರಾಗಿ ಅದನ್ನು ಕಟ್ಟಿ ಬ್ಯಾಥರ್ಸ್ಟ್ ಎಂದು ಕರೆದರು, 1973ರಲ್ಲಿ ಅದಕ್ಕೆ ಬಾಂಜುಲ್ ಎಂದು ಹೆಸರಾಯಿತು. ದೇಶದ ಜನಸಂಖ್ಯೆ ಈಗ ಸುಮಾರು 24 ಲಕ್ಷ. ಅರ್ಧಕ್ಕಿಂತ ಹೆಚ್ಚು ಜನ ಈ ಪಶ್ಚಿಮದ ತುದಿಯಲ್ಲೇ ಇದ್ದಾರೆ.

ಹವಾಮಾನದ ಬಗ್ಗೆ ಕೇಳಿದ್ದೀರಿ. ಮಳೆಗಾಲ ಜೂನ್‌ನಲ್ಲಿ ಹಿಡಿದು ಅಕ್ಟೋಬರ್‌ಗೆ ಬಿಡುತ್ತದೆ, ಆಗಸ್ಟ್ ತಿಂಗಳಲ್ಲಿ ಅತಿ ಹೆಚ್ಚು. ಆಮೇಲೆ ಏಳು ತಿಂಗಳು ಒಂದು ಹನಿಯೂ ಬೀಳುವುದಿಲ್ಲ ಎಂದರೂ ನಡೆಯುತ್ತದೆ. ನನಗೆ ಮೊದಲ ವರ್ಷ ಬಹಳ ವಿಚಿತ್ರವೆನಿಸಿದ್ದು ಮಳೆ ಬರುವ ದಿಕ್ಕು. ಹುಬ್ಬಳ್ಳಿಯಲ್ಲಿ ಮುಂಗಾರಿ ಮೋಡಕ್ಕಾಗಿ ನಾವು ಪಶ್ಚಿಮಕ್ಕೆ ಮುಖ ಮಾಡುತ್ತೇವೆ. ಅಲ್ಲಿ ಸಮುದ್ರ ಪಶ್ಚಿಮಕ್ಕೇ ಇದ್ದರೂ ದೊಡ್ಡ ಮಳೆ ಪೂರ್ವದಿಂದ, ಒಳನಾಡಿನ ಕಡೆಯಿಂದ ಬರುತ್ತದೆ. ದಿಗಂತದಲ್ಲಿ ಕಪ್ಪು ಗೋಡೆಯಂತೆ ಮೋಡ ಎದ್ದು, ಮೊದಲು ಕೆಂಪು ಧೂಳಿನ ಬಿರುಗಾಳಿ, ಅದರ ಹಿಂದೆಯೇ ತಗಡು ಹರಿದುಹೋಗುವಂಥ ಮಳೆ. ಗುಡುಗು ಸಾಲುಗಟ್ಟಿ ಪೂರ್ವದಿಂದ ಪಶ್ಚಿಮಕ್ಕೆ ಸರಿಯುವುದು ಇಡೀ ಪಶ್ಚಿಮ ಆಫ್ರಿಕಾದ ಮಳೆಯ ರೀತಿ ಎಂದು ಆಮೇಲೆ ತಿಳಿಯಿತು. ತೇವ ಮಾತ್ರ ನೈಋತ್ಯದ ಸಮುದ್ರದಿಂದಲೇ ಬಂದದ್ದು.

ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಸಹಾರಾ ಮರುಭೂಮಿಯಿಂದ ಹರ್ಮಟ್ಟಾನ್ ಎಂಬ ಒಣಗಾಳಿ ಬೀಸುತ್ತದೆ. ಅದು ತರುವ ಧೂಳು ನಮ್ಮ ರಸ್ತೆಯ ಧೂಳಲ್ಲ. ಅಂಗಡಿಯ ಕಪಾಟು ಒರೆಸಿ ಅರ್ಧ ತಾಸು ಕಳೆಯುವಷ್ಟರಲ್ಲಿ ಗೋಪೀಚಂದನದ ಬಣ್ಣದ, ಬೆರಳಿಗೆ ಹಿಟ್ಟಿಗಿಂತ ನುಣುಪಾಗಿ ತಾಗುವ ಪುಡಿ ಮತ್ತೆ ಕುಳಿತಿರುತ್ತಿತ್ತು. ತುಟಿ ಒಡೆಯುತ್ತದೆ, ಸೂರ್ಯ ಬೆಳ್ಳಿಯ ಬಿಲ್ಲೆಯಂತೆ ಮಂಕಾಗಿ ಕಾಣುತ್ತಾನೆ. ಕರಾವಳಿಯಲ್ಲಿ ಸಮುದ್ರದ ಗಾಳಿಯಿಂದ ಆ ತಿಂಗಳುಗಳ ರಾತ್ರಿ ತಂಪಾಗಿರುತ್ತದೆ, ಯುರೋಪಿನ ಪ್ರವಾಸಿಗರು ಬರುವುದೂ ಆಗಲೇ. ಆದರೆ ಪೂರ್ವದ ಬಾಸೆಯಲ್ಲಿ ಏಪ್ರಿಲ್ ಮೇ ತಿಂಗಳಲ್ಲಿ 40 ಡಿಗ್ರಿ ದಾಟುವುದು ಸಾಮಾನ್ಯ. ಅಷ್ಟು ಚಿಕ್ಕ ದೇಶದಲ್ಲಿ ಎರಡು ಬೇಸಿಗೆ ಇವೆ ಎಂದು ನಾವು ಅನ್ನುತ್ತಿದ್ದೆವು.

ಜನರ ವಿಷಯ ಹೇಳದೆ ಈ ಉತ್ತರ ಮುಗಿಸಲಾರೆ. ಮಂಡಿಂಕಾ ಜನ ಮೂರರಲ್ಲಿ ಒಂದು ಪಾಲಿನಷ್ಟಿದ್ದಾರೆ, ಅವರ ನಂತರ ಫುಲಾ, ವೋಲೋಫ್, ಜೋಲಾ, ಸೆರಾಹುಲೆ, ಸೆರೆರ್ ಜನ. ಆಡಳಿತದ ಭಾಷೆ ಇಂಗ್ಲಿಷ್. ಸೆರೆಕುಂಡಾದ ಪೇಟೆಯಲ್ಲಿ ಮಾತ್ರ ಯಾವ ಮನೆತನದವರಾದರೂ ವೋಲೋಫ್ ಮಾತನಾಡುತ್ತಾರೆ. ನಮ್ಮ ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಉರ್ದು, ಮರಾಠಿ ಮನೆಮಾತಿನವರೂ ಕನ್ನಡದಲ್ಲಿ ವ್ಯಾಪಾರ ಮಾಡುವ ಹಾಗೆ. ನೂರಕ್ಕೆ ಸುಮಾರು 95 ಜನ ಮುಸ್ಲಿಮರು, ಕ್ರೈಸ್ತರು ಸ್ವಲ್ಪ. ಅವರು ಟೋಬಾಸ್ಕಿ ಎಂದು ಕರೆಯುವ ಬಕ್ರೀದ್‌ನ ಮಾಂಸ ಕ್ರೈಸ್ತರ ಮನೆಗೆ ಹೋಗುತ್ತದೆ, ಕ್ರಿಸ್‌ಮಸ್ ಊಟ ಮುಸ್ಲಿಮರ ಮನೆಗೆ ಬರುತ್ತದೆ. ಇದನ್ನು ನಾನು ಪ್ರತಿ ವರ್ಷ ಕಣ್ಣಾರೆ ಕಂಡಿದ್ದೇನೆ.

ಅಲ್ಲಿ ನಾನು ಮೊದಲು ಕಲಿತದ್ದು ಕುಶಲ ಕೇಳುವುದನ್ನು. ಬೆಳಗ್ಗೆ ಅಂಗಡಿಗೆ ಬಂದವರಿಗೆ ನೇರವಾಗಿ "ಏನು ಬೇಕು" ಎಂದರೆ ಅದು ಒರಟುತನ. ಮಂಡಿಂಕಾದಲ್ಲಿ "ಸುಮೋಲು ಲೇ?" ಎಂದು ಕೇಳಬೇಕು, ಅಂದರೆ ಮನೆಯವರೆಲ್ಲಿ ಎಂದು, ಅವರು ಅಲ್ಲಿದ್ದಾರೆ ಎಂಬ ಉತ್ತರ ಬರುತ್ತದೆ. ಆಮೇಲೆ ತಾಯಿ, ಮಕ್ಕಳು, ಕೆಲಸ, ಎಲ್ಲದರ ವಿಚಾರಣೆಯಾಗಿ ಕೊನೆಗೆ "ಕೈರಾ ದೋರೋಂಗ್", ಶಾಂತಿಯೊಂದೇ ಎಂದಾಗ ವ್ಯಾಪಾರದ ಮಾತು ಶುರು. ನಮ್ಮ ಕಡೆಯ ಹಿರಿಯರು ಕಟ್ಟೆಯ ಮೇಲೆ ಕುಳಿತು ಮಳೆ ಬೆಳೆ, ದನ ಕರು, ಎಲ್ಲವನ್ನೂ ವಿಚಾರಿಸಿದ ಮೇಲೆಯೇ ಬಂದ ಕೆಲಸ ಕೇಳುವುದನ್ನು ನೋಡಿ ಬೆಳೆದ ನನಗೆ ಅದು ಹೊಸದೆನಿಸಲಿಲ್ಲ. ಮಧ್ಯಾಹ್ನದ ಹೊತ್ತು ಅತ್ತಾಯಾ ಎಂಬ ಚಹಾ. ಚೀನಾದ ಹಸಿರು ಚಹಾ ಎಲೆಯನ್ನು ಇದ್ದಿಲಿನ ಮೇಲೆ ಕುದಿಸಿ, ಸಕ್ಕರೆ ಹಾಕಿ, ಪುಟ್ಟ ಗಾಜಿನ ಲೋಟಗಳಲ್ಲಿ ಎತ್ತರದಿಂದ ಸುರಿದು ಸುರಿದು ನೊರೆ ಬರಿಸುತ್ತಾರೆ. ಮೂರು ಸುತ್ತು ಆಗಬೇಕು. ಮೊದಲನೆಯದು ಕಹಿ, ಮೂರನೆಯದು ಸಿಹಿ. ಎರಡು ತಾಸು ಅದಕ್ಕೇ ಹೋಗುತ್ತದೆ.

ಹೆಸರಿನಿಂದ ಮನೆತನ ತಿಳಿಯುವುದೂ ನಮ್ಮಂತೆಯೇ. ಕುಯಾಟೆ, ಜೋಬಾರ್ಟೆ, ಸುಸೋ ಎಂಬ ಅಡ್ಡಹೆಸರಿನವರು ಪರಂಪರೆಯಿಂದ ಜಾಲಿಗಳು, ಅಂದರೆ ವಂಶಾವಳಿಯನ್ನೂ ಇತಿಹಾಸವನ್ನೂ ಬಾಯಲ್ಲಿಟ್ಟುಕೊಂಡು ಹಾಡುವವರು. ಅವರ ಕೋರಾ ವಾದ್ಯಕ್ಕೆ 21 ತಂತಿಗಳು. ಅರ್ಧ ಕತ್ತರಿಸಿದ ದೊಡ್ಡ ಸೋರೆಬುರುಡೆಗೆ ಹಸುವಿನ ಚರ್ಮ ಬಿಗಿದು ಅದನ್ನು ಮಾಡುತ್ತಾರೆ. ಇನ್ನು ಜೋಲಾ ಮತ್ತು ಸೆರೆರ್ ಜನರ ನಡುವೆ ಪರಿಹಾಸ್ಯದ ನೆಂಟಸ್ತಿಕೆ ಇದೆ. ಗುರುತಿಲ್ಲದವರಾದರೂ ಒಬ್ಬರನ್ನೊಬ್ಬರು ಹೀಯಾಳಿಸಬಹುದು, ಯಾರೂ ಕೋಪಿಸಿಕೊಳ್ಳುವಂತಿಲ್ಲ. ಬ್ಯಾಂಕಿನ ಸಾಲಿನಲ್ಲಿ ಒಬ್ಬ ಅಪರಿಚಿತ ಇನ್ನೊಬ್ಬನನ್ನು "ನನ್ನ ಆಳು" ಎಂದು ಕರೆದಾಗ ಹೊಡೆದಾಟವಾಗುತ್ತದೆ ಎಂದು ನಾನು ಹಿಂದೆ ಸರಿದಿದ್ದೆ, ಇಬ್ಬರೂ ಕೈ ಹಿಡಿದುಕೊಂಡು ನಗುತ್ತಿದ್ದರು.

ಮೇಲಿನ ಉಪನ್ಯಾಸಕರ ಮಾತಿಗೆ ಒಂದು ಸೇರ್ಪಡೆ. ಗಡಿ ನಕಾಶೆಯಲ್ಲಿ ಎಷ್ಟು ಕಟುವಾಗಿದೆಯೋ ಹಳ್ಳಿಗಳಲ್ಲಿ ಅಷ್ಟಿಲ್ಲ. ಲುಮೋ ಎಂಬ ವಾರದ ಸಂತೆಗೆ ಸೆನೆಗಲ್‌ನ ಹಳ್ಳಿಗರು ಕತ್ತೆಗಾಡಿಯಲ್ಲಿ ಬರುತ್ತಾರೆ, ಹೆಣ್ಣು ಕೊಟ್ಟು ತರುವುದೂ ನಡೆಯುತ್ತದೆ. 1982ರಿಂದ 1989ರವರೆಗೆ ಎರಡೂ ದೇಶಗಳು ಸೆನೆಗ್ಯಾಂಬಿಯಾ ಎಂಬ ಒಕ್ಕೂಟವಾಗಿಯೂ ಇದ್ದವು. ನಿಜವಾದ ಅಡ್ಡಿ ಗಡಿಯಲ್ಲ, ನದಿ. ಸೆನೆಗಲ್‌ನ ಉತ್ತರದಿಂದ ದಕ್ಷಿಣದ ಕಾಸಾಮಾನ್ಸ್‌ಗೆ ಹೋಗುವ ಲಾರಿಗಳು ಫರಾಫೆನ್ನಿಯ ಬಳಿ ದೋಣಿ ದಾಟಲು ದಿನಗಟ್ಟಲೆ ಕಾಯುತ್ತಿದ್ದವು, 2019ರ ಜನವರಿಯಲ್ಲಿ ಅಲ್ಲಿ ಸೇತುವೆ ತೆರೆದ ಮೇಲೆ ಆ ಕಷ್ಟ ತೀರಿತು. ನದಿಯ ಬಾಯಲ್ಲಿ, ಬಾಂಜುಲ್‌ನಿಂದ ಬಾರಾಕ್ಕೆ, ನಾನಿದ್ದಷ್ಟು ಕಾಲವೂ ದೋಣಿಯೇ ಗತಿಯಾಗಿತ್ತು.

ಉತ್ತರ: ಹಾವೇರಿ ಜಿಲ್ಲೆಯ ಕೃಷಿ ಪದವೀಧರ

ಶೇಂಗಾದ ಹೋಲಿಕೆ ಅರ್ಧ ಸರಿ. ಉಳಿದರ್ಧ ಎಲ್ಲಿ ತಪ್ಪುತ್ತದೆ ಎಂಬುದನ್ನು ಹೇಳಿದರೆ ನಿಮ್ಮ ಮಕ್ಕಳಿಗೆ ಹೆಚ್ಚು ಉಪಯೋಗವಾದೀತು ಎಂದು ಇದನ್ನು ಬರೆಯುತ್ತಿದ್ದೇನೆ.

ಸರಿಯಾದ ಭಾಗ ಹೀಗಿದೆ. ಶೇಂಗಾ ನಮ್ಮದೂ ಅಲ್ಲ, ಅವರದೂ ಅಲ್ಲ, ದಕ್ಷಿಣ ಅಮೆರಿಕದಿಂದ ಬಂದದ್ದು. ಗ್ಯಾಂಬಿಯಾದಿಂದ ಅದರ ರಫ್ತು 1830ರ ದಶಕದಲ್ಲಿ ಆರಂಭವಾಯಿತು, ಮುಂದೆ ಫ್ರಾನ್ಸಿನ ಎಣ್ಣೆ ಮತ್ತು ಸಾಬೂನಿನ ಕಾರ್ಖಾನೆಗಳು ಅದನ್ನು ಕೊಂಡವು. 1965ರ ಫೆಬ್ರವರಿ 18ರಂದು ದೇಶ ಸ್ವತಂತ್ರವಾದಾಗ ರಫ್ತಿನಲ್ಲಿ ನೂರಕ್ಕೆ 90ಕ್ಕಿಂತ ಹೆಚ್ಚು ಪಾಲು ಶೇಂಗಾದ್ದೇ. ನಮ್ಮ ಶಿರಹಟ್ಟಿ, ಲಕ್ಷ್ಮೇಶ್ವರದ ಮಸಾರಿ ಹೊಲಗಳಂತೆ ಅಲ್ಲಿಯದೂ ಸಡಿಲವಾದ ಉಸುಕು ಮಿಶ್ರಿತ ಮಣ್ಣು, ಊಡು ಸುಲಭವಾಗಿ ಇಳಿದು ಕಾಯಿ ಕಟ್ಟುತ್ತದೆ. ಜೂನ್ ಜುಲೈನಲ್ಲಿ ಬಿತ್ತಿಗೆ, ಅಕ್ಟೋಬರ್ ನವೆಂಬರ್‌ನಲ್ಲಿ ಹರಿಯುವುದು. ಹೊಟ್ಟು ದನಕ್ಕೆ. ಮನೆಯಲ್ಲಿ ಶೇಂಗಾ ಅರೆದು ಡೊಮೋಡಾ ಎಂಬ ದಟ್ಟ ಸಾರು ಮಾಡಿ ಅನ್ನಕ್ಕೆ ಹಾಕಿಕೊಳ್ಳುತ್ತಾರೆ.

ತಪ್ಪುವ ಭಾಗ ಇದು. ಮಳೆಯ ಒಟ್ಟು ಲೆಕ್ಕದಲ್ಲಿ ಅವರೇ ಮುಂದೆ: ವರ್ಷಕ್ಕೆ ಸುಮಾರು 800ರಿಂದ 1,100 ಮಿ.ಮೀ. ಗದಗಕ್ಕೆ ಅಷ್ಟು ಯಾವ ವರ್ಷ ಬರುತ್ತದೆ? ಆದರೂ ಕಡಿಮೆ ಮಳೆಯ ಗದಗದ ರೈತನಿಗೆ ಇರುವ ಒಂದು ಆಸರೆ ಅವರಿಗಿಲ್ಲ, ಅದು ಹಿಂಗಾರಿ. ನಮ್ಮ ಎರಿ ಭೂಮಿ ಸೆಪ್ಟೆಂಬರ್ ಅಕ್ಟೋಬರ್‌ನ ಮಳೆಯನ್ನು ಕುಡಿದು ಹೊಟ್ಟೆಯಲ್ಲಿಟ್ಟುಕೊಳ್ಳುತ್ತದೆ. ಆಮೇಲೆ ಇಬ್ಬನಿಯಲ್ಲೇ ಬಿಳಿಜೋಳ, ಕಡಲೆ, ಕುಸುಬೆ ಬರುತ್ತವೆ. ಅವರ ಉಸುಕು ಮಣ್ಣು ನೀರು ಹಿಡಿಯುವುದಿಲ್ಲ, ಅಕ್ಟೋಬರ್ ನಂತರ ಮಳೆಯೂ ಇಲ್ಲ. ಇಡೀ ವರ್ಷದ ಒಣ ಬೇಸಾಯ ಒಂದೇ ಬಿತ್ತಿಗೆಯ ಮೇಲೆ ನಿಂತಿದೆ. 1960ರ ದಶಕದ ಕೊನೆಯಿಂದ ಸಹಾರಾದ ದಕ್ಷಿಣ ಅಂಚಿನ ಸಹೇಲ್ ಪ್ರದೇಶಕ್ಕೆ ಬಡಿದ ದೀರ್ಘ ಬರಗಾಲದಲ್ಲಿ ಆ ಒಂದೇ ಮಳೆಯೂ ಕುಗ್ಗಿತು.

ಹಾಗಾಗಿ ಅವರ ಹಸಿವಿನ ಕಾಲ ಬೇಸಿಗೆಯಲ್ಲ, ಮಳೆಗಾಲವೇ. ಜುಲೈನಿಂದ ಸೆಪ್ಟೆಂಬರ್‌ವರೆಗೆ ಹಗೇವು ಬರಿದಾಗಿರುತ್ತದೆ, ಕಳೆ ತೆಗೆಯುವ ಕಷ್ಟದ ಕೆಲಸ ಆಗಲೇ, ಮಲೇರಿಯಾ ಕೂಡ ಆಗಲೇ. ಕೆನೆಬಾ ಎಂಬ ಹಳ್ಳಿಯಲ್ಲಿ ಬ್ರಿಟಿಷ್ ವೈದ್ಯ ವಿಜ್ಞಾನಿಗಳು 1949ರಿಂದ ನಡೆಸಿಕೊಂಡು ಬಂದ ಅಧ್ಯಯನದಲ್ಲಿ ಆ ತಿಂಗಳುಗಳಲ್ಲಿ ಹುಟ್ಟುವ ಕೂಸುಗಳ ತೂಕ ಕಡಿಮೆ ಇರುವುದು ಸ್ಪಷ್ಟವಾಗಿ ಕಂಡಿದೆ. ಹವಾಮಾನ ಎಂದರೆ ಮಿಲಿಮೀಟರು ಮತ್ತು ಡಿಗ್ರಿ ಎಂದಷ್ಟೇ ಬರೆದುಕೊಳ್ಳುವ ಮಕ್ಕಳಿಗೆ ಇದನ್ನು ಹೇಳಲೇಬೇಕು. ಬೇಗ ಬರುವ ಸುನೋ ಎಂಬ ಸಜ್ಜೆ ಮತ್ತು ಫಿಂಡಿ ಎಂಬ ಸಣ್ಣ ಕಿರುಧಾನ್ಯ ಆ ಕಂದರವನ್ನು ದಾಟಿಸುವ ಬೆಳೆಗಳು; ನಮ್ಮಲ್ಲಿ ನವಣೆ, ಸಾವೆ ಮಾಡುತ್ತಿದ್ದ ಕೆಲಸವನ್ನೇ ಅವು ಮಾಡುತ್ತವೆ.

ಇನ್ನೊಂದು ಸಂಗತಿ, ನನ್ನ ಮನಸ್ಸಿನಲ್ಲಿ ಬಹುಕಾಲ ಉಳಿದದ್ದು. ಮಂಡಿಂಕಾ ಹಳ್ಳಿಗಳಲ್ಲಿ ಮೇಲಿನ ಒಣಭೂಮಿಯ ಶೇಂಗಾ, ಸಜ್ಜೆ ಗಂಡಸರದು, ತಗ್ಗಿನ ಭತ್ತ ಹೆಂಗಸರದು. ಹೊಲದಲ್ಲೂ ಎರಡು ಬಗೆ: ಮನೆಮಂದಿಗೆಲ್ಲ ಸೇರಿದ್ದು ಮಾರುವೋ, ಒಬ್ಬರ ಸ್ವಂತ ಸಂಪಾದನೆಗೆ ಬಿಟ್ಟದ್ದು ಕಮನ್ಯಾಂಗೋ. ಹೆಂಗಸು ತನ್ನ ಕಮನ್ಯಾಂಗೋ ಗದ್ದೆಯ ಭತ್ತ ಮಾರಿದರೆ ಆ ಹಣ ಅವಳದೇ. 1984ರಲ್ಲಿ ಉಪ್ಪಿನ ಗೆರೆಯ ಮೇಲ್ಗಡೆ, ಜಂಜನ್‌ಬುರೆ ಸಮೀಪದ ಜಾಹಾಲಿ ಮತ್ತು ಪಚಾರ್‌ನಲ್ಲಿ ವರ್ಷಕ್ಕೆ ಎರಡು ಬೆಳೆಯ ನೀರಾವರಿ ಯೋಜನೆ ಬಂದಿತು. ಹೆಂಗಸರಿಗೇ ಭೂಮಿ ಎಂದು ಕಾಗದದಲ್ಲಿತ್ತು. ನೀರು ಬಂದ ಮೇಲೆ ಮನೆಯ ಯಜಮಾನರು ಆ ಗದ್ದೆಗಳನ್ನೆಲ್ಲ ಮಾರುವೋ ಎಂದು ಕರೆದುಬಿಟ್ಟರು. ದುಡಿತ ಹೆಂಗಸರದು, ಬೆಳೆ ಯಜಮಾನರದಾಯಿತು. ಹಲವು ಹೆಂಗಸರು ದುಡಿಯಲು ನಿರಾಕರಿಸಿ ಎದುರು ನಿಂತರು. ಹೊಲದ ಹೆಸರೊಂದು ಬದಲಾದರೆ ಯಾರ ಅನ್ನ ಯಾರ ಕೈಸೇರುತ್ತದೆ ಎಂಬುದನ್ನು ನೀರಾವರಿ ಪ್ರದೇಶದ ನಮ್ಮ ಕುಟುಂಬಗಳೂ ಚೆನ್ನಾಗಿ ಬಲ್ಲವು.

ಇಷ್ಟಾದರೂ ದೇಶದ ಅನ್ನದ ಬಹುಪಾಲು ಹೊರಗಿನಿಂದ ಬರುವ ಅಕ್ಕಿಯದು. ಶೇಂಗಾ ಮಾರಿ ಅಕ್ಕಿ ಕೊಳ್ಳುವ ಈ ರೂಢಿ ವಸಾಹತು ಕಾಲದಿಂದ ಬಂದದ್ದು.

ಮರುಪ್ರಶ್ನೆ: ಗದಗದ ಶಿಕ್ಷಕಿ

ಮೂವರಿಗೂ ಹೃತ್ಪೂರ್ವಕ ಧನ್ಯವಾದ. "ನಮ್ಮಂಥದೇ ಶೇಂಗಾ ನಾಡು" ಎಂಬ ಸಾಲನ್ನು ಹೊಡೆದುಹಾಕಿ "ಹಿಂಗಾರಿ ಇಲ್ಲದ ಶೇಂಗಾ ನಾಡು" ಎಂದು ಬರೆದುಕೊಂಡಿದ್ದೇನೆ. ಒಂದು ಮಾತು ಉಳಿದಿದೆ. ಇಷ್ಟು ತಗ್ಗಿನಲ್ಲಿರುವ ನಾಡಿಗೆ ಸಮುದ್ರಮಟ್ಟ ಏರಿದರೆ ಏನಾಗುತ್ತದೆ? ಆ ಉಪ್ಪಿನ ಗೆರೆ ಇನ್ನೂ ಮೇಲಕ್ಕೆ ಹೋಗುತ್ತದೆಯೇ?

ಉತ್ತರ: ಧಾರವಾಡದ ನಿವೃತ್ತ ಭೂಗೋಳ ಉಪನ್ಯಾಸಕ

ಹೋಗುತ್ತದೆ, ಮತ್ತು ಎರಡು ಕಾರಣದಿಂದ. ಕೆಳಗಿನಿಂದ ಸಮುದ್ರ ಏರಿದರೂ ಅಷ್ಟೇ, ಮೇಲಿನಿಂದ ನದಿಯ ಹರಿವು ಕುಗ್ಗಿದರೂ ಅಷ್ಟೇ. ಬರಗಾಲದ ವರ್ಷಗಳಲ್ಲಿ ಉಪ್ಪು ಹೆಚ್ಚಾಗಿ ಕೆಳಭಾಗದ ಎಷ್ಟೋ ಭತ್ತದ ಗದ್ದೆಗಳನ್ನು ಹೆಂಗಸರು ಕೈಬಿಡಬೇಕಾಯಿತು, ಮ್ಯಾಂಗ್ರೋವ್ ಗಿಡಗಳೂ ಕೆಲವು ಕಡೆ ಒಣಗಿದವು. ಬಾಂಜುಲ್ ಸಮುದ್ರಮಟ್ಟಕ್ಕಿಂತ ಅಲ್ಪವೇ ಎತ್ತರದಲ್ಲಿದೆ, ನೀರು ಒಂದು ಮೀಟರ್ ಏರಿದರೆ ಆ ಊರಿನ ಹೆಚ್ಚಿನ ಭಾಗ ಮುಳುಗುತ್ತದೆ.

ನದಿಯ ಮೇಲ್ಭಾಗದಲ್ಲಿ, ಸೆನೆಗಲ್‌ನ ನೆಲದಲ್ಲಿ, ಸಂಬಂಗಾಲು ಎಂಬಲ್ಲಿ ಅಣೆಕಟ್ಟಿನ ಕೆಲಸ ಕೈಗೊಳ್ಳಲಾಗಿದೆ. ನದಿಯನ್ನು ಹಂಚಿಕೊಂಡ ದೇಶಗಳು 1978ರಲ್ಲಿ ಕಟ್ಟಿಕೊಂಡ ಸಂಸ್ಥೆಯ ಯೋಜನೆ ಅದು. ಬೇಸಿಗೆಯಲ್ಲಿ ನೀರು ಬಿಟ್ಟರೆ ಉಪ್ಪು ಹಿಂದೆ ಸರಿಯುತ್ತದೆ, ಆದರೆ ಸೆಪ್ಟೆಂಬರ್‌ನ ಪ್ರವಾಹ ತಗ್ಗಿದರೆ ಆ ಪ್ರವಾಹವನ್ನೇ ನಂಬಿದ ತಗ್ಗು ಗದ್ದೆಗಳಿಗೂ ಮೀನಿಗೂ ಕಾಂಡ್ಲಾ ಕಾಡಿಗೂ ತೊಂದರೆ. ಎಷ್ಟು ನೀರು ಯಾವ ತಿಂಗಳು ಬಿಡುತ್ತಾರೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ನವಿಲುತೀರ್ಥದ ಗೇಟು ಯಾವಾಗ ತೆರೆಯುತ್ತಾರೆಂದು ಕಾಯುವ ಊರುಗಳು ನಮ್ಮಲ್ಲೂ ಇರುವುದರಿಂದ ನಿಮ್ಮ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾದ ಅಗತ್ಯ ಬೀಳಲಾರದು.

ಕಪ್ಪುಹಲಗೆಯ ಮೇಲೆ ನಕಾಶೆ ಬರೆಯುವಾಗ ಗಡಿಯನ್ನು ಮೊದಲು ಎಳೆಯಬೇಡಿ. ಬಲಗಡೆಯಿಂದ ಎಡಗಡೆಗೆ ನೀಲಿ ಸುಣ್ಣದ ಕಡ್ಡಿಯಲ್ಲಿ ನದಿಯನ್ನು ಬಳುಕಿಸಿ ಬರೆದು, ನಡುವೆ ಕುಂಟೌರ್ ಎಂದು ಒಂದು ಚುಕ್ಕೆ ಇಡಿ. ಚುಕ್ಕೆಯ ಎಡಕ್ಕೆ ಬಿಳಿ ಕಡ್ಡಿಯಲ್ಲಿ ಉಪ್ಪನ್ನು ತುಂಬಿಸಿ. ಗಡಿಯನ್ನು ಕೊನೆಗೆ, ನದಿಯ ಎರಡೂ ಬದಿಗೆ ಸಮಾನ ದೂರದಲ್ಲಿ, ಪ್ರಶ್ನೆ ಕೇಳಿದ ಆ ಹುಡುಗಿಯ ಕೈಯಿಂದಲೇ ಎಳೆಸಿ.